ಎರಡು ಊರು, ಒಂದೇ ಲೆಕ್ಕ

2021ರ ಫೆಬ್ರುವರಿ 24, ಬುಧವಾರ. ಮುಂಬೈನ ರಾಷ್ಟ್ರೀಯ ಷೇರು ವಿನಿಮಯ ಕೇಂದ್ರ ಎನ್‌ಎಸ್‌ಇಯಲ್ಲಿ ಎಂದಿನಂತೆ ಬೆಳಿಗ್ಗೆ 9.15ಕ್ಕೆ ವಹಿವಾಟು ಶುರುವಾಗಿತ್ತು. ಹತ್ತು ಗಂಟೆ ದಾಟುತ್ತಿದ್ದಂತೆ ನಿಫ್ಟಿ ಸೂಚ್ಯಂಕದ ಅಂಕಿಗಳು ಪರದೆಯ ಮೇಲೆ ಸರಿಯಾಗಿ ಬದಲಾಗುತ್ತಿಲ್ಲ ಎಂಬ ದೂರು ಬರತೊಡಗಿತು. 11.40ರ ಸುಮಾರಿಗೆ ವಹಿವಾಟನ್ನೇ ನಿಲ್ಲಿಸಬೇಕಾಯಿತು. ಮತ್ತೆ ಆರಂಭವಾದದ್ದು ಮಧ್ಯಾಹ್ನ 3.45ಕ್ಕೆ. ಅಂದು ಪೇಟೆಯನ್ನು ಸಂಜೆ 5ರವರೆಗೆ ತೆರೆದಿಟ್ಟರು. ಬೆಳಿಗ್ಗೆ ಷೇರು ಕೊಂಡು ಸಂಜೆಯೊಳಗೆ ಮಾರಿ ಕೈತೊಳೆದುಕೊಳ್ಳಬೇಕಿದ್ದವರು ನಾಲ್ಕು ಗಂಟೆ ಕಾಲ ಅಲ್ಲಿ ಏನೂ ಮಾಡಲಾಗದೆ ಕೂತರು.

ಸುಮಾರು ಒಂದು ತಿಂಗಳ ಬಳಿಕ ಎನ್‌ಎಸ್‌ಇ ಕಾರಣ ವಿವರಿಸಿತು. ಅದರ ಪ್ರಧಾನ ಡೇಟಾ ಸೆಂಟರ್ ಇರುವುದು ಬಾಂದ್ರಾ ಕುರ್ಲಾ ಕಾಂಪ್ಲೆಕ್ಸ್‌ನಲ್ಲಿ. ಕೆಲವೇ ಕಿಲೊಮೀಟರ್ ಆಚೆ, ಕುರ್ಲಾದಲ್ಲಿ, ಅದರ ಸಮೀಪದ ಪರ್ಯಾಯ ಕೇಂದ್ರವಿದೆ. ಎರಡರ ನಡುವೆ ಇಬ್ಬರು ಬೇರೆಬೇರೆ ಸೇವಾದಾರರ ದೂರಸಂಪರ್ಕ ಕೊಂಡಿಗಳಿದ್ದವು. ಒಂದು ಕೈಕೊಟ್ಟರೆ ಇನ್ನೊಂದಿರಲಿ ಎಂಬ ಮುಂಜಾಗ್ರತೆ. ಆದರೆ ದಾರಿಯುದ್ದಕ್ಕೂ ನಡೆಯುತ್ತಿದ್ದ ಅಗೆತ ಮತ್ತು ಕಾಮಗಾರಿಯಿಂದ ಎರಡೂ ಸೇವಾದಾರರ ಕೊಂಡಿಗಳು ಅಸ್ಥಿರವಾದವು. ಕೊಂಡಿ ಹೋದರೂ ಪ್ರಧಾನ ಕೇಂದ್ರದ ಸ್ಟೋರೇಜ್ ತನ್ನ ಪಾಡಿಗೆ ಕೆಲಸ ಮಾಡಬೇಕಿತ್ತು. ಅದು ಹಾಗೆ ಮಾಡಲಿಲ್ಲ. ಪಕ್ಕದಲ್ಲೇ ಇದ್ದ ಸರ್ವರ್‌ಗಳಿಗೂ ಡಿಸ್ಕ್‌ಗಳು ಕಾಣದಾದವು. ರಿಸ್ಕ್ ಮ್ಯಾನೇಜ್‌ಮೆಂಟ್, ಕ್ಲಿಯರಿಂಗ್, ಸೂಚ್ಯಂಕ, ನಿಗಾ ವ್ಯವಸ್ಥೆ ಒಟ್ಟಿಗೇ ನಿಂತವು. ರಿಸ್ಕ್ ವ್ಯವಸ್ಥೆಯಿಲ್ಲದೆ ಷೇರುಪೇಟೆ ನಡೆಸುವಂತಿಲ್ಲ.

ಚೆನ್ನೈಯಲ್ಲಿ ಎನ್‌ಎಸ್‌ಇಗೆ ಇನ್ನೊಂದು ವಿಪತ್ತು ನಿರ್ವಹಣಾ ಕೇಂದ್ರವಿತ್ತು. ಅಂದು ವಹಿವಾಟನ್ನು ಅಲ್ಲಿಗೆ ಸ್ಥಳಾಂತರಿಸಲಿಲ್ಲ.

ಈ ಪ್ರಕರಣದಲ್ಲಿ ಯಾವ ಕಟ್ಟಡಕ್ಕೂ ಬೆಂಕಿ ಬಿದ್ದಿರಲಿಲ್ಲ, ಯಾವ ಯಂತ್ರವೂ ಸುಟ್ಟಿರಲಿಲ್ಲ. ದತ್ತಾಂಶದ ಪ್ರತಿಗಳು ಇದ್ದವು. ಒಂದಲ್ಲ, ಎರಡು ಊರುಗಳಲ್ಲಿದ್ದವು. ಪ್ರತಿಗಳನ್ನು ಜೋಡಿಸಿಟ್ಟ ಕೊಂಡಿ ಕಡಿದಾಗ ಯಾರು ಏನು ಮಾಡಬೇಕು ಎಂಬ ಕಡೆಯಲ್ಲಿ ಎಡವಟ್ಟಾಯಿತು. ವಿಪತ್ತು ತಾಳಿಕೊಳ್ಳುವಂತೆ ಕಟ್ಟಿದ ಕಂಪ್ಯೂಟರ್ ವ್ಯವಸ್ಥೆಗಳ ಇತಿಹಾಸವನ್ನು ಓದುತ್ತ ಹೋದರೆ ಇದೇ ಮಾದರಿ ಮತ್ತೆ ಮತ್ತೆ ಎದುರಾಗುತ್ತದೆ. ನಕಲು ಪ್ರತಿಯನ್ನು ಒಮ್ಮೆ ಹಣ ಕೊಟ್ಟು ಕೊಳ್ಳಬಹುದು. ಅದು ಈ ಹೊತ್ತಿನಲ್ಲಿ, ಈ ನಿಮಿಷದಲ್ಲಿ ಬಳಕೆಗೆ ಯೋಗ್ಯವಾಗಿದೆಯೇ ಎಂಬುದು ದಿನನಿತ್ಯದ ಪಾಲನೆಯಿಂದಷ್ಟೇ ಖಾತ್ರಿಯಾಗುವಂಥದ್ದು. ಈ ಪಾಲನೆಯ ಕೆಲಸಕ್ಕೆ ಹೊರಗಿನವರಿಂದ ಸಿಗುವ ಗಮನ ಬಹಳ ಕಡಿಮೆ. ಸಿಗಬೇಕಾದ್ದು ಬಹಳ ಹೆಚ್ಚು.

ರಸೀದಿಗೆ ಕಾಯುವ ಸರ್ವರ್

ಬ್ಯಾಂಕು, ಷೇರುಪೇಟೆ, ರೈಲ್ವೆ ಟಿಕೆಟ್‌ನಂಥ ಸೇವೆಗಳ ಹಿಂದೆ ಒಂಟಿ ಸರ್ವರ್ ಇರುವುದಿಲ್ಲ. ಸರ್ವರ್‌ಗಳ ಗುಂಪು, ಅಂದರೆ ಕ್ಲಸ್ಟರ್ ಇರುತ್ತದೆ. ಒಂದು ಕೆಟ್ಟರೆ ಪಕ್ಕದ್ದು ಕೆಲಸ ವಹಿಸಿಕೊಳ್ಳುತ್ತದೆ. ಕಟ್ಟಡಕ್ಕೇ ಕುತ್ತು ಬಂದರೆ ಪಕ್ಕದ ಸರ್ವರ್ ಇದ್ದೂ ಪ್ರಯೋಜನವಿಲ್ಲವಾದ್ದರಿಂದ ಗುಂಪನ್ನು ಎರಡು ಮೂರು ಜಾಗಗಳಿಗೆ ಹಂಚುತ್ತಾರೆ. ಸರ್ವರ್ ಹೋದರೆ ಇನ್ನೊಂದು ತರಬಹುದು. ಅದರ ಡಿಸ್ಕಿನಲ್ಲಿದ್ದ ಖಾತೆಯ ಶಿಲ್ಕನ್ನು ಅಂಗಡಿಯಿಂದ ತರಲಾಗದು. ಹಾಗಾಗಿ ಡಿಸ್ಕಿನ ಪ್ರತಿಯೊಂದು ಬರಹವೂ ಎರಡನೆಯ ಜಾಗದಲ್ಲೂ ಮೂಡುತ್ತಿರಬೇಕು. ಇದಕ್ಕೆ ಸ್ಟೋರೇಜ್ ರೆಪ್ಲಿಕೇಷನ್ ಎನ್ನುತ್ತಾರೆ. ಇಎಂಸಿ ಕಂಪನಿ 1994ರಲ್ಲಿ ಎಸ್‌ಆರ್‌ಡಿಎಫ್ ಎಂಬ ಹೆಸರಿನಲ್ಲಿ ತಂದ ವ್ಯವಸ್ಥೆ ಈ ಕೆಲಸವನ್ನು ಸರ್ವರ್‌ಗೆ ಹೊರೆಯಾಗದಂತೆ ಸ್ಟೋರೇಜ್ ಪೆಟ್ಟಿಗೆಯೊಳಗೇ ಮಾಡಿ ಮುಗಿಸುತ್ತಿತ್ತು. ಐಬಿಎಂ, ಹಿಟಾಚಿ ಕೂಡ ತಮ್ಮ ತಮ್ಮ ವಿಧಾನ ತಂದವು.

ಇದರಲ್ಲಿ ಎರಡು ಬಗೆ. ಊರಿನ ಎರಡು ತುದಿಗಳಲ್ಲಿ ಒಂದೇ ವರ್ತಕನ ಎರಡು ಮಳಿಗೆಗಳಿವೆ ಎಂದುಕೊಳ್ಳೋಣ. ಇಲ್ಲಿನ ಖಾತೆ ಪುಸ್ತಕದಲ್ಲಿ ಬರೆದು, ಅಲ್ಲಿನ ಪುಸ್ತಕದಲ್ಲೂ ಬರೆದಾಯಿತು ಎಂಬ ಮಾತು ಬಂದ ಮೇಲೆಯೇ ಗಿರಾಕಿಯ ಕೈಗೆ ರಸೀದಿ ಕೊಟ್ಟರೆ ಅದು ಸಿಂಕ್ರೊನಸ್. ಇಲ್ಲಿ ಬರೆದ ಕೂಡಲೇ ರಸೀದಿ ಹರಿದುಕೊಟ್ಟು, ಅಲ್ಲಿಗೆ ಆಮೇಲೆ ಚೀಟಿ ಕಳಿಸಿದರೆ ಅಸಿಂಕ್ರೊನಸ್. ಮೊದಲನೆಯದರಲ್ಲಿ ಒಂದಕ್ಷರವೂ ಕಳೆದುಹೋಗುವುದಿಲ್ಲ, ಆದರೆ ಪ್ರತಿ ಗಿರಾಕಿಯೂ ಕಾಯಬೇಕು. ಎರಡನೆಯದರಲ್ಲಿ ಯಾರೂ ಕಾಯಬೇಕಿಲ್ಲ, ಆದರೆ ಮಳಿಗೆ ಸುಟ್ಟ ಕ್ಷಣದಲ್ಲಿ ದಾರಿಯಲ್ಲಿದ್ದ ಚೀಟಿಗಳ ಲೆಕ್ಕ ಸಿಗುವುದಿಲ್ಲ.

ಕಾಯುವ ಹೊತ್ತನ್ನು ನಿರ್ಧರಿಸುವುದು ಬೆಳಕಿನ ವೇಗ. ಗಾಜಿನ ನಾರಿನೊಳಗೆ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೊಮೀಟರ್ ಸಾಗುತ್ತದೆ. ಅಂದರೆ 100 ಕಿ.ಮೀ. ದೂರಕ್ಕೆ ಹೋಗಿ ಬರಲು 1 ಮಿಲಿಸೆಕೆಂಡ್ ಬೇಕು. ಬೆಂಗಳೂರಿನಿಂದ ಮೈಸೂರಿಗೆ ಹೆದ್ದಾರಿಯ ಗುಂಟ ಕೇಬಲ್ ಎಳೆದರೆ ಸುಮಾರು ಒಂದೂವರೆ ಮಿಲಿಸೆಕೆಂಡ್. ಬೆಂಗಳೂರು–ಮುಂಬೈ ನಡುವೆ ನೇರ ಗೆರೆ ಎಳೆದರೂ 8 ಮಿಲಿಸೆಕೆಂಡ್‌ಗಿಂತ ಹೆಚ್ಚು, ಕೇಬಲ್ ಸುತ್ತಿ ಬಳಸಿ ಹೋಗುವುದರಿಂದ ವಾಸ್ತವದಲ್ಲಿ ಇನ್ನೂ ಜಾಸ್ತಿ. ಇಂದಿನ ಫ್ಲ್ಯಾಶ್ ಸ್ಟೋರೇಜ್ ಒಂದು ಬರಹವನ್ನು 1 ಮಿಲಿಸೆಕೆಂಡ್‌ಗೂ ಕಡಿಮೆ ಹೊತ್ತಿನಲ್ಲಿ ಮುಗಿಸುತ್ತದೆ. ಅದಕ್ಕೆ ಎಂಟೋ ಹತ್ತೋ ಮಿಲಿಸೆಕೆಂಡ್ ಸೇರಿಸಿದರೆ ಡೇಟಾಬೇಸ್ ಉಸಿರುಗಟ್ಟುತ್ತದೆ. ಸಿಂಕ್ರೊನಸ್ ವಿಧಾನವನ್ನು ಸಾಮಾನ್ಯವಾಗಿ 100 ಕಿ.ಮೀ. ಆಸುಪಾಸಿಗೆ ಸೀಮಿತಗೊಳಿಸುವುದು ಈ ಕಾರಣಕ್ಕೆ.

ಆದರೆ ಭೂಕಂಪ, ಚಂಡಮಾರುತಗಳಿಗೆ 100 ಕಿ.ಮೀ. ಏನೂ ಅಲ್ಲ. 2001ರ ಸೆಪ್ಟೆಂಬರ್ 11ರ ದಾಳಿಯ ಬಳಿಕ ಅಮೆರಿಕದ ಹಣಕಾಸು ನಿಯಂತ್ರಕರು ಈ ಇಕ್ಕಟ್ಟಿಗೆ ನೇರವಾಗಿ ಸಿಲುಕಿದರು. ಪರ್ಯಾಯ ಕೇಂದ್ರಗಳು 200ರಿಂದ 300 ಮೈಲು ದೂರದಲ್ಲಿರಬೇಕೆ ಎಂಬ ಪ್ರಶ್ನೆ ಅವರ ಕರಡಿನಲ್ಲಿತ್ತು. ಅಷ್ಟು ದೂರದಲ್ಲಿ ಸಿಂಕ್ರೊನಸ್ ಪ್ರತಿ ಸಾಧ್ಯವಿಲ್ಲ ಎಂಬ ಆಕ್ಷೇಪ ಬಂತು. 2003ರ ಏಪ್ರಿಲ್‌ನಲ್ಲಿ ಹೊರಬಂದ ಅಂತಿಮ ದಾಖಲೆಯಲ್ಲಿ ಮೈಲುಗಳ ಲೆಕ್ಕ ಇರಲಿಲ್ಲ.

ಭಾರತದಲ್ಲಿ ಷೇರುಪೇಟೆಯ ನಿಯಂತ್ರಕ ಸಂಸ್ಥೆ ಸೆಬಿ ಇದಕ್ಕೆ ಮೂರು ಕೇಂದ್ರಗಳ ಉತ್ತರ ಕಂಡುಕೊಂಡಿದೆ. ಪ್ರಧಾನ ಕೇಂದ್ರ ಒಂದು. ಹತ್ತಿರದಲ್ಲಿ ದತ್ತಾಂಶ ಕಳೆಯದಂತೆ ಕಾಯುವ ಇನ್ನೊಂದು. ದೂರದಲ್ಲಿ, ಬೇರೆ ಭೂಕಂಪ ವಲಯದಲ್ಲಿ ಮೂರನೆಯದು. ಬೇರೆ ವಲಯ ಸಾಧ್ಯವಾಗದಿದ್ದರೆ ಕನಿಷ್ಠ 500 ಕಿ.ಮೀ. ಅಂತರ ಬೇಕು. ಬೆಂಗಳೂರಿಗೆ ಈ ಲೆಕ್ಕಾಚಾರದಲ್ಲಿ ಒಂದು ವಿಶೇಷ ಸ್ಥಾನ ದಕ್ಕಿದೆ. 2002ರ ಭೂಕಂಪ ನಕ್ಷೆಯಲ್ಲಿ ಮುಂಬೈ ಮೂರನೆಯ ವಲಯದಲ್ಲಿದ್ದರೆ ಬೆಂಗಳೂರು ಎರಡನೆಯ, ಅಂದರೆ ಅಪಾಯ ಅತಿ ಕಡಿಮೆ ಇರುವ ವಲಯದಲ್ಲಿತ್ತು. ಸಮುದ್ರವೂ ದೂರ.

ಮ್ಯಾನ್‌ಹಟನ್‌ನಲ್ಲಿ ಬಿಸಿಯೇರಿದ ಕೋಣೆ

ಈ ತಂತ್ರ ಅಂದುಕೊಂಡಂತೆ ನಡೆದ ದಿನವೂ ಒಂದಿದೆ. ಜರ್ಮನಿಯ ಕಾಮರ್ಜ್‌ಬ್ಯಾಂಕ್‌ನ ಅಮೆರಿಕ ಕಚೇರಿ ನ್ಯೂಯಾರ್ಕ್‌ನ ವರ್ಲ್ಡ್ ಟ್ರೇಡ್ ಸೆಂಟರ್ ಗೋಪುರಗಳಿಂದ ಸುಮಾರು 300 ಅಡಿ ದೂರದಲ್ಲಿತ್ತು. ಗೋಪುರಗಳು ಕುಸಿದ ದಿನ ಆ ಕಟ್ಟಡದ ಡೇಟಾ ಸೆಂಟರ್‌ ವಿಪರೀತ ಬಿಸಿಯಾಯಿತು. ಸ್ಥಳದಲ್ಲಿದ್ದ ಡಿಸ್ಕ್‌ಗಳು ಶಾಖ ತಡೆಯದೆ ಕೆಟ್ಟವು. ಒಂದೊಂದೇ ಸರ್ವರ್ ಬಿದ್ದುಹೋಯಿತು. ಒಂದು ಆಲ್ಫಾಸರ್ವರ್ ಮಾತ್ರ ನಿಲ್ಲದೆ ಓಡುತ್ತಿತ್ತು. ಪಕ್ಕದ ಡಿಸ್ಕ್ ಸತ್ತ ಮೇಲೆ ಅದು 30 ಮೈಲು ದೂರದ ರೈ ಪಟ್ಟಣದಲ್ಲಿದ್ದ ಡಿಸ್ಕಿನಿಂದ ಓದುತ್ತ, ಅಲ್ಲಿಗೇ ಬರೆಯುತ್ತ ಮುಂದುವರಿಯಿತು. ಎರಡೂ ಊರಿನ ಡಿಸ್ಕ್‌ಗಳು ಅದರ ಕಣ್ಣಿಗೆ ಒಂದೇ ಡಿಸ್ಕಿನ ಎರಡು ಪ್ರತಿಗಳಾಗಿದ್ದವು.

ಆ ಯಂತ್ರದಲ್ಲಿದ್ದದ್ದು ಓಪನ್‌ವಿಎಂಎಸ್ ಎಂಬ ಕಾರ್ಯಾಚರಣಾ ವ್ಯವಸ್ಥೆ. ಡಿಜಿಟಲ್ ಇಕ್ವಿಪ್‌ಮೆಂಟ್ ಕಾರ್ಪೊರೇಷನ್ 1983ರಲ್ಲಿ ಪ್ರಕಟಿಸಿದ ವ್ಯಾಕ್ಸ್‌ಕ್ಲಸ್ಟರ್‌ನಿಂದ ಬೆಳೆದುಬಂದ ಪರಂಪರೆ ಅದರದು. ಕಂಪನಿ ಕೈ ಬದಲಾಗುತ್ತ ಕಾಂಪ್ಯಾಕ್, ಆಮೇಲೆ ಎಚ್‌ಪಿ ಸೇರಿತು. 2009ರ ಹೊತ್ತಿಗೆ ಎಚ್‌ಪಿ ಓಪನ್‌ವಿಎಂಎಸ್‌ನ ಅಭಿವೃದ್ಧಿ ಕೆಲಸವನ್ನು ಬೆಂಗಳೂರಿಗೆ ತಂದಿತು. ಬ್ಯಾಂಕುಗಳೂ ಕಾರ್ಖಾನೆಗಳೂ ನೆಚ್ಚಿದ್ದ ವ್ಯವಸ್ಥೆಯೊಂದರ ಒಳಗನ್ನು ಕೆಲವು ವರ್ಷ ನೋಡಿಕೊಂಡವರು ಬೆಂಗಳೂರಿನ ಎಂಜಿನಿಯರ್‌ಗಳು. ನಗರದ ಐಟಿ ಕಥೆ ಹೇಳುವಾಗ ಇಂಥ ಕೆಲಸದ ಹೆಸರು ಬರುವುದು ಅಪರೂಪ. ಸ್ಟಾರ್ಟಪ್‌ಗಳ ಬಗ್ಗೆ ಬರೆದಷ್ಟಲ್ಲದಿದ್ದರೂ ಒಂದಿಷ್ಟಾದರೂ ಇದರ ಬಗ್ಗೆ ಬರೆಯಬೇಕಿತ್ತು.

ಜೋಡಿ ತಪ್ಪಿದ ಹೊತ್ತು

ಎರಡು ಕೇಂದ್ರಗಳ ನಡುವಿನ ಕೊಂಡಿ ಕಡಿಯುವುದು ಅಪರೂಪದ ಸಂಗತಿಯಲ್ಲ. ರಸ್ತೆ ಅಗೆಯುತ್ತಾರೆ, ಕೇಬಲ್ ತುಂಡಾಗುತ್ತದೆ. ಸ್ವಿಚ್ ಬದಲಾಯಿಸುವಾಗ ಸಂಪರ್ಕ ತಪ್ಪುತ್ತದೆ. ಆಗ ಸ್ಟೋರೇಜ್ ಎರಡರಲ್ಲಿ ಒಂದನ್ನು ಆರಿಸಿಕೊಳ್ಳಬೇಕು. ಒಂದೋ, ಪ್ರತಿ ಆಗದ ಬರಹವನ್ನು ಸ್ವೀಕರಿಸುವುದಿಲ್ಲ ಎಂದು ಹಟ ಹಿಡಿಯಬೇಕು. ಆಗ ದತ್ತಾಂಶ ಸುರಕ್ಷಿತ, ಸೇವೆ ಬಂದ್. ಇಲ್ಲವೇ, ಬರಹ ಸ್ವೀಕರಿಸುತ್ತ ಹೋಗಬೇಕು. ಸೇವೆ ನಡೆಯುತ್ತದೆ, ದೂರದ ಪ್ರತಿ ಹಳತಾಗುತ್ತ ಹೋಗುತ್ತದೆ. ಹಿಟಾಚಿ ಸ್ಟೋರೇಜ್‌ಗಳಲ್ಲಿ ಇದಕ್ಕೆ ಫೆನ್ಸ್ ಲೆವೆಲ್ ಎಂಬ ಆಯ್ಕೆಯಿದೆ. ಅದನ್ನು ‘ಡೇಟಾ’ ಎಂದಿಟ್ಟರೆ ಮೊದಲನೆಯ ನಡತೆ, ‘ನೆವರ್’ ಎಂದಿಟ್ಟರೆ ಎರಡನೆಯದು. ಒಂದು ಪದದ ಈ ಸೆಟ್ಟಿಂಗ್ ನಿರ್ಧರಿಸುವುದು ಸಂಸ್ಥೆಯ ಆದ್ಯತೆಯನ್ನೇ. ಅದನ್ನು ಸ್ಟೋರೇಜ್ ತಂಡದ ಕಿರಿಯ ಎಂಜಿನಿಯರೊಬ್ಬರ ಹೆಗಲಿಗೆ ಬಿಡುವುದು ಸರಿಯಲ್ಲ. ಬ್ಯಾಂಕಿನ ಆಡಳಿತ ಮಂಡಳಿಯೇ ಕೂತು ಚರ್ಚಿಸಬೇಕಾದ ವಿಷಯ ಅದು.

ಎರಡನೆಯ ನಡತೆಯನ್ನು ಆರಿಸಿದರೆ, ಕೊಂಡಿ ಇಲ್ಲದ ಹೊತ್ತಿನಲ್ಲಿ ಬದಲಾದ ಭಾಗಗಳನ್ನು ಗುರುತಿಟ್ಟುಕೊಳ್ಳಬೇಕು. ಅದಕ್ಕೆ ಬಿಟ್‌ಮ್ಯಾಪ್ ಇದೆ. ಆಸ್ಟ್ರಿಯಾದ ವಿಯೆನ್ನಾದಲ್ಲಿ ಹುಟ್ಟಿ, 2010ರಲ್ಲಿ ಲಿನಕ್ಸ್ ಕರ್ನೆಲ್ ಸೇರಿದ ಡಿಆರ್‌ಬಿಡಿ ಎಂಬ ಮುಕ್ತ ತಂತ್ರಾಂಶವನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಅದು ಡಿಸ್ಕಿನ ಪ್ರತಿ 4 ಕಿಲೊಬೈಟ್‌ಗೆ ಒಂದು ಬಿಟ್ ಇಟ್ಟುಕೊಳ್ಳುತ್ತದೆ. ಆ ಜಾಗದಲ್ಲಿ ಏನಾದರೂ ಬರೆದರೆ ಬಿಟ್ ಹೊತ್ತಿಕೊಳ್ಳುತ್ತದೆ. 1 ಟೆರಾಬೈಟ್ ಡಿಸ್ಕಿಗೆ ಇಂಥ ಬಿಟ್‌ಗಳೆಲ್ಲ ಸೇರಿ ಬರೀ 32 ಮೆಗಾಬೈಟ್. ಕೊಂಡಿ ಮರಳಿದಾಗ ಹೊತ್ತಿದ ಬಿಟ್‌ಗಳ ಜಾಗವನ್ನಷ್ಟೇ ಕಳಿಸಿದರಾಯಿತು, ಇಡೀ ಡಿಸ್ಕನ್ನು ನಕಲು ಮಾಡಬೇಕಿಲ್ಲ.

ಜಾಣ ಉಪಾಯವೇ ಸರಿ. ಆದರೆ ಅತ್ಯಂತ ದೊಡ್ಡ ಅಪಾಯ ಬಂದು ಕೂರುವುದೂ ಇಲ್ಲೇ.

ಬಿಟ್‌ಮ್ಯಾಪ್‌ಗೆ ಯಾವ ಜಾಗ ಬದಲಾಯಿತು ಎಂಬುದು ಗೊತ್ತು. ಯಾವ ಕ್ರಮದಲ್ಲಿ ಬದಲಾಯಿತು ಎಂಬುದು ಗೊತ್ತಿಲ್ಲ. ಡೇಟಾಬೇಸ್‌ಗೆ ಕ್ರಮವೇ ಪ್ರಾಣ. ಹಣ ವರ್ಗಾವಣೆಯಾಗುವಾಗ ಅದು ಮೊದಲು ಲಾಗ್‌ನಲ್ಲಿ ಬರೆದುಕೊಳ್ಳುತ್ತದೆ, ಆಮೇಲೆ ಖಾತೆಗಳನ್ನು ತಿದ್ದುತ್ತದೆ. ನಡುವೆ ಕರೆಂಟು ಹೋದರೂ ಲಾಗ್ ನೋಡಿ ಸರಿಪಡಿಸಿಕೊಳ್ಳುವ ಶಕ್ತಿ ಅದಕ್ಕೆ ಬಂದದ್ದು ಈ ಶಿಸ್ತಿನಿಂದ. ಕೊಂಡಿ ಮರಳಿದ ಮೇಲೆ ಪ್ರತಿಯನ್ನು ಮತ್ತೆ ಸಮಗೊಳಿಸುವ ಈ ಕೆಲಸ, ಅಂದರೆ ರೀಸಿಂಕ್ ನಡೆಯುವಾಗ ಬದಲಾದ ಜಾಗಗಳು ಡಿಸ್ಕಿನ ಮೊದಲಿಂದ ಕೊನೆಯವರೆಗೆ ಸಾಲಾಗಿ ಹೋಗುತ್ತವೆ. ಬೆಳಿಗ್ಗೆ ಹತ್ತರ ಖಾತೆಯ ಪಕ್ಕದಲ್ಲಿ ಮಧ್ಯಾಹ್ನ ಮೂರರ ಖಾತೆ ಕೂತಿರುತ್ತದೆ. ಎರಡನ್ನೂ ಹೊಂದಿಸುವ ಲಾಗ್ ಇನ್ನೂ ಬಂದಿರುವುದಿಲ್ಲ. ಆಗ ಪರದೆಯ ಮೇಲೆ ಈ ಕಡೆಯ ಡಿಸ್ಕ್ ‘ಅಪ್‌ಟುಡೇಟ್’ ಎಂದೂ ಆ ಕಡೆಯದು ‘ಇನ್‌ಕನ್ಸಿಸ್ಟೆಂಟ್’ ಎಂದೂ ಕಾಣುತ್ತದೆ. ಪಕ್ಕದಲ್ಲಿ ಶೇಕಡಾವಾರು ಅಂಕಿ ಮೆಲ್ಲಗೆ ಏರುತ್ತಿರುತ್ತದೆ. ಅಂಕಿ 61ರಲ್ಲಿರುವಾಗ ಪ್ರಧಾನ ಕೇಂದ್ರಕ್ಕೆ ಬೆಂಕಿ ಬಿದ್ದರೆ? ದೂರದ ಕೇಂದ್ರದಲ್ಲಿ ಹಳೆಯ ಪ್ರತಿಯೂ ಉಳಿದಿಲ್ಲ, ಹೊಸ ಪ್ರತಿಯೂ ಪೂರ್ತಿಯಾಗಿಲ್ಲ. ಐದು ಗಂಟೆ ಹಿಂದಿನ ಪ್ರತಿ ಇದ್ದಿದ್ದರೂ ಬ್ಯಾಂಕು ಬದುಕುತ್ತಿತ್ತು. ಈಗ ಅದೂ ಇಲ್ಲ.

ವಿಪತ್ತುಗಳು ಹೆಚ್ಚಾಗಿ ಒಂದೇ ಏಟಿಗೆ ಬರುವುದಿಲ್ಲ ಎಂಬುದರಿಂದ ಈ ಅಪಾಯ ಇನ್ನೂ ದೊಡ್ಡದು. ಮೊದಲು ಕೇಬಲ್ ಸುಡುತ್ತದೆ, ಕೊಂಡಿ ಬಂದು ಹೋಗಿ ಮಾಡುತ್ತದೆ, ರೀಸಿಂಕ್ ಶುರುವಾಗುತ್ತದೆ, ಅಷ್ಟರಲ್ಲಿ ಕೋಣೆ ಹೊತ್ತಿಕೊಳ್ಳುತ್ತದೆ. ಆದ್ದರಿಂದ ರೀಸಿಂಕ್‌ಗೆ ಮುಂಚೆ ದೂರದ ಕೇಂದ್ರದಲ್ಲಿ ಹಳೆಯ, ಆದರೆ ಕ್ರಮಬದ್ಧವಾದ ಸ್ಥಿತಿಯ ಸ್ನ್ಯಾಪ್‌ಶಾಟ್ ಒಂದನ್ನು ತೆಗೆದಿಡಬೇಕು. ರೀಸಿಂಕ್ ಪೂರ್ತಿಯಾದ ಮೇಲೆ ಅದನ್ನು ಅಳಿಸಬಹುದು. ಡಿಆರ್‌ಬಿಡಿಯಲ್ಲಿ ಇದನ್ನು ತಾನಾಗಿಯೇ ಮಾಡುವ ಸ್ಕ್ರಿಪ್ಟ್ ಜೊತೆಗೇ ಬರುತ್ತದೆ. ಇಎಂಸಿ ಸ್ಟೋರೇಜ್‌ಗಳಲ್ಲಿ ಇದಕ್ಕೆಂದು ಬೇರೆ ಡಿಸ್ಕ್‌ಗಳನ್ನೇ ಮೀಸಲಿಡುತ್ತಿದ್ದರು. ಇದಕ್ಕೆ ಹೆಚ್ಚುವರಿ ಜಾಗ ಬೇಕು, ಜಾಗಕ್ಕೆ ಹಣ ಬೇಕು. ಖರ್ಚು ಕಡಿತದ ಮಾತು ಬಂದಾಗ ಮೊದಲು ಕತ್ತರಿ ಬೀಳುವ ಸಾಲುಗಳಲ್ಲಿ ಇದೂ ಒಂದು. ಅದನ್ನು ಉಳಿಸಿಕೊಳ್ಳಲು ಜಗಳವಾಡುವ ಎಂಜಿನಿಯರ್ ಸಂಸ್ಥೆಯ ನಿಜವಾದ ಹಿತೈಷಿ.

ಕ್ರಮ ತಪ್ಪುವ ಇನ್ನೊಂದು ದಾರಿಯೂ ಇದೆ. ಡೇಟಾಬೇಸ್‌ನ ಲಾಗ್ ಒಂದು ಡಿಸ್ಕಿನಲ್ಲಿ, ಖಾತೆಗಳು ಹತ್ತು ಡಿಸ್ಕ್‌ಗಳಲ್ಲಿ ಇರಬಹುದು. ಹನ್ನೊಂದನ್ನೂ ಒಂದೇ ಕನ್ಸಿಸ್ಟೆನ್ಸಿ ಗ್ರೂಪ್‌ಗೆ ಸೇರಿಸಿದರೆ ನಿಂತರೂ ಒಟ್ಟಿಗೇ ನಿಲ್ಲುತ್ತವೆ, ಒಂದೇ ಕ್ಷಣದ ಚಿತ್ರ ಉಳಿಯುತ್ತದೆ. ಕಷ್ಟ ಬರುವುದು ಎರಡು ವರ್ಷದ ನಂತರ. ಜಾಗ ಸಾಲುತ್ತಿಲ್ಲವೆಂದು ಯಾರೋ ರಾತ್ರೋರಾತ್ರಿ ಹನ್ನೆರಡನೆಯ ಡಿಸ್ಕ್ ಸೇರಿಸುತ್ತಾರೆ. ಡೇಟಾಬೇಸ್ ಖುಷಿಯಿಂದ ಅದನ್ನು ಬಳಸತೊಡಗುತ್ತದೆ. ಗ್ರೂಪ್‌ಗೆ ಸೇರಿಸಲು ಮರೆತಿರುತ್ತಾರೆ. ದೂರದ ಕೇಂದ್ರದಲ್ಲಿ ಅದಕ್ಕೆ ಜೋಡಿಯೇ ಇರುವುದಿಲ್ಲ. ನಿಗಾ ಪರದೆಯ ಮೇಲೆ ಹನ್ನೊಂದೂ ಹಸಿರಾಗಿ ಬೆಳಗುತ್ತಿರುತ್ತವೆ, ಯಾವ ಎಚ್ಚರಿಕೆಯೂ ಬರುವುದಿಲ್ಲ. ಅಣಕು ಕಾರ್ಯಾಚರಣೆ ಮಾಡುವ ದಿನವೋ, ನಿಜವಾದ ವಿಪತ್ತಿನ ದಿನವೋ ಅದು ಬೆಳಕಿಗೆ ಬರುತ್ತದೆ.

ಅಸಿಂಕ್ರೊನಸ್ ವಿಧಾನದಲ್ಲಿ ಕಣ್ಣಿಡಬೇಕಾದ್ದು ಬಾಕಿಯ ಮೇಲೆ. ಕಳಿಸಬೇಕಾದ ಬರಹಗಳು ಜರ್ನಲ್‌ನಲ್ಲಿ ಸಾಲುಗಟ್ಟಿರುತ್ತವೆ. 1 ಗಿಗಾಬಿಟ್ ಕೊಂಡಿಯೊಂದು ಸೆಕೆಂಡಿಗೆ ಹೆಚ್ಚೆಂದರೆ 125 ಮೆಗಾಬೈಟ್ ಸಾಗಿಸುತ್ತದೆ. ತ್ರೈಮಾಸಿಕದ ಕೊನೆಯ ದಿನ ಬ್ಯಾಂಕಿನಲ್ಲಿ ಎಲ್ಲ ಖಾತೆಗಳಿಗೂ ಬಡ್ಡಿ ಹಾಕುವ ಕೆಲಸ ನಡೆದು ಸೆಕೆಂಡಿಗೆ 200 ಮೆಗಾಬೈಟ್ ಬರಹವಾದರೆ, 75 ಮೆಗಾಬೈಟ್ ಬಾಕಿ ಉಳಿಯುತ್ತದೆ. ಗಂಟೆಗೆ 270 ಗಿಗಾಬೈಟ್. ಜರ್ನಲ್‌ನ ಗಾತ್ರ 500 ಗಿಗಾಬೈಟ್ ಇದ್ದರೆ ಎರಡು ಗಂಟೆಯೊಳಗೆ ತುಂಬುತ್ತದೆ. ತುಂಬಿದರೆ ರೆಪ್ಲಿಕೇಷನ್ ನಿಲ್ಲುತ್ತದೆ, ಬಿಟ್‌ಮ್ಯಾಪ್ ಶುರುವಾಗುತ್ತದೆ. ಮೇಲೆ ಹೇಳಿದ ರೀಸಿಂಕ್‌ನ ಅಪಾಯ ಮತ್ತೆ ಎದುರು ಬಂದು ನಿಲ್ಲುತ್ತದೆ. ವರ್ಷದ ಸರಾಸರಿ ನೋಡಿ ಕೊಂಡಿ ಕೊಳ್ಳುವವರು ಈ ಲೆಕ್ಕವನ್ನೊಮ್ಮೆ ಹಾಕಿ ನೋಡಬೇಕು.

ಇಬ್ಬರೂ ತಾನೇ ಯಜಮಾನ ಎಂದರೆ

ಕೊಂಡಿ ಕಡಿದಾಗ ಎರಡೂ ಕೇಂದ್ರಗಳು ಜೀವಂತವಾಗಿದ್ದು, ಎರಡೂ ‘ಆ ಕಡೆಯವರು ಸತ್ತಿದ್ದಾರೆ’ ಎಂದು ತಿಳಿದು ಬರೆಯತೊಡಗಿದರೆ ಸ್ಪ್ಲಿಟ್ ಬ್ರೇನ್ ಎನ್ನುತ್ತಾರೆ. ಒಂದು ಖಾತೆಯಿಂದ ಇಲ್ಲಿ ಹಣ ಹೋಗುತ್ತದೆ, ಅದೇ ಖಾತೆಯಿಂದ ಅಲ್ಲೂ ಹೋಗುತ್ತದೆ. ಇದನ್ನು ತಡೆಯಲು ಮೂರನೆಯ ಜಾಗದಲ್ಲಿ ಒಂದು ಚಿಕ್ಕ ಯಂತ್ರವನ್ನು ಸಾಕ್ಷಿಯಾಗಿ ಇಡುತ್ತಾರೆ. ಬಹುಮತ ಯಾರ ಕಡೆಗಿದೆಯೋ ಅವರು ಮುಂದುವರಿಯುತ್ತಾರೆ, ಉಳಿದವರು ತಾವಾಗಿಯೇ ನಿಲ್ಲಬೇಕು. ನಿಲ್ಲದಿದ್ದರೆ ಕ್ಲಸ್ಟರ್ ತಂತ್ರಾಂಶ ಆ ಸರ್ವರ್‌ನ ವಿದ್ಯುತ್ತನ್ನೇ ಕಡಿದು ನಿಲ್ಲಿಸುತ್ತದೆ.

ಸಾಕ್ಷಿಯಿಲ್ಲದ ಜೋಡಿಯಲ್ಲಿ ಹೀಗಾದರೆ ಡಿಆರ್‌ಬಿಡಿ ಎರಡನ್ನೂ ಬೇರ್ಪಡಿಸಿ ‘ಸ್ಟ್ಯಾಂಡ್‌ಅಲೋನ್’ ಸ್ಥಿತಿಯಲ್ಲಿ ಸುಮ್ಮನೆ ಕೂತುಬಿಡುತ್ತದೆ. ಮನುಷ್ಯರೇ ಬಂದು ತೀರ್ಮಾನ ಕೊಡಬೇಕು. ಸೋಲಬೇಕಾದ ಕಡೆಯಲ್ಲಿ ಕೂತು ‘ಡಿಸ್ಕಾರ್ಡ್-ಮೈ-ಡೇಟಾ’ ಎಂಬ ಆಯ್ಕೆ ಹಾಕಿ ಆಜ್ಞೆ ಕೊಟ್ಟರೆ ಆ ಬದಿಯ ಬರಹಗಳೆಲ್ಲ ಅಳಿದು, ಗೆದ್ದ ಬದಿಯ ಪ್ರತಿ ಬಂದು ಕೂರುತ್ತದೆ. ಯಾವ ಕಿಟಕಿಯಲ್ಲಿ ಯಾವ ಊರಿನ ಸರ್ವರ್ ತೆರೆದಿದೆ ಎಂದು ಎರಡು ಸಲ ನೋಡದೆ ಇದನ್ನು ಟೈಪ್ ಮಾಡಬಾರದು.

ಆ ಎಚ್ಚರ ಎಷ್ಟು ಅಗತ್ಯ ಎಂಬುದನ್ನು ಪ್ರೋಗ್ರಾಂ ಕೋಡ್ ಇಡುವ ತಾಣ ಗಿಟ್‌ಲ್ಯಾಬ್ 2017ರ ಜನವರಿ 31ರಂದು ಕಂಡುಕೊಂಡಿತು. ಡೇಟಾಬೇಸ್‌ನ ಎರಡನೆಯ ಪ್ರತಿ ಹಿಂದೆ ಬಿದ್ದಿತ್ತು. ಅದನ್ನು ಅಳಿಸಿ ಹೊಸದಾಗಿ ಸಿಂಕ್ ಮಾಡಲು ಹೊರಟ ಎಂಜಿನಿಯರೊಬ್ಬರು ರಾತ್ರಿ ಹೊತ್ತಿನಲ್ಲಿ ಆಜ್ಞೆ ಕೊಟ್ಟದ್ದು ಪ್ರಧಾನ ಸರ್ವರ್‌ನಲ್ಲಿ. ಒಂದೆರಡು ಸೆಕೆಂಡಿನಲ್ಲಿ ತಡೆದರೂ ಸುಮಾರು 300 ಗಿಗಾಬೈಟ್‌ನಲ್ಲಿ ಉಳಿದದ್ದು 4.5 ಗಿಗಾಬೈಟ್. ಬ್ಯಾಕಪ್ ಹುಡುಕಿದರೆ, ನಿತ್ಯ ಆಗಬೇಕಿದ್ದ ಡಂಪ್ ತಂತ್ರಾಂಶದ ಆವೃತ್ತಿ ಹೊಂದದೆ ಬಹಳ ದಿನಗಳಿಂದ ವಿಫಲವಾಗುತ್ತಿತ್ತು. ಹಾಗೆಂದು ತಿಳಿಸುವ ಇಮೇಲ್‌ಗಳು ತಿರಸ್ಕೃತವಾಗಿ ಯಾರಿಗೂ ತಲುಪಿರಲಿಲ್ಲ. ಅದೃಷ್ಟಕ್ಕೆ, ಪರೀಕ್ಷಾ ಕೆಲಸಕ್ಕೆಂದು ಆರು ಗಂಟೆ ಮೊದಲು ಕೈಯಾರೆ ತೆಗೆದಿದ್ದ ಒಂದು ಸ್ನ್ಯಾಪ್‌ಶಾಟ್ ಇತ್ತು. ಕಂಪನಿ ಅದರಿಂದ ಎದ್ದು ನಿಂತಿತು. ನಡೆದದ್ದನ್ನೆಲ್ಲ ಮುಚ್ಚುಮರೆಯಿಲ್ಲದೆ ಪ್ರಕಟಿಸಿತು ಕೂಡ. ಈ ವಿಷಯದಲ್ಲಿ ಆಸಕ್ತಿ ಇರುವ ಯಾರೇ ಆಗಲಿ ಓದಲೇಬೇಕಾದ ವರದಿ ಅದು.

ರೆಪ್ಲಿಕೇಷನ್ ಇದೆ, ಹಾಗಾಗಿ ಬ್ಯಾಕಪ್ ಬೇಡ ಎಂಬ ನಂಬಿಕೆ ಎಷ್ಟು ಸಂಸ್ಥೆಗಳಲ್ಲಿ ಬೇರೂರಿದೆಯೆಂದರೆ ಅದನ್ನು ಎಷ್ಟು ಸಲ ಅಲ್ಲಗಳೆದರೂ ಸಾಲದು. ಅಳಿಸುವ ಆಜ್ಞೆಯೂ ಒಂದು ಬರಹವೇ. ಅದು ನಂಬಿಗಸ್ತನಂತೆ ದೂರದ ಊರಿಗೂ ಹೋಗಿ ಅಲ್ಲೂ ಅಳಿಸುತ್ತದೆ. 2011ರ ಫೆಬ್ರುವರಿ ಕೊನೆಯಲ್ಲಿ ಸ್ಟೋರೇಜ್ ತಂತ್ರಾಂಶದ ದೋಷವೊಂದು ಜಿಮೇಲ್‌ನ ಶೇ 0.02ರಷ್ಟು ಬಳಕೆದಾರರ ಅಂಚೆಯನ್ನು ಮಾಯ ಮಾಡಿತು. ಹಲವು ಡೇಟಾ ಸೆಂಟರ್‌ಗಳಲ್ಲಿ ಪ್ರತಿಗಳಿದ್ದರೂ ದೋಷ ಹಲವು ಪ್ರತಿಗಳನ್ನು ಮುಟ್ಟಿತ್ತು. ಗೂಗಲ್ ಕೊನೆಗೆ ಆ ಪತ್ರಗಳನ್ನು ಮರಳಿ ತಂದದ್ದು ಕಪಾಟಿನಲ್ಲಿಟ್ಟಿದ್ದ ಟೇಪ್‌ಗಳಿಂದ.

ದೂರದ ಪ್ರತಿಯೇ ಇಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ಇತ್ತೀಚಿನ ಸಾಕ್ಷಿ ದಕ್ಷಿಣ ಕೊರಿಯಾದ ಡೇಜಾನ್ ನಗರ. 2025ರ ಸೆಪ್ಟೆಂಬರ್ 26ರ ರಾತ್ರಿ ಅಲ್ಲಿನ ಸರ್ಕಾರಿ ಡೇಟಾ ಸೆಂಟರ್‌ನ ಐದನೆಯ ಮಹಡಿಯಲ್ಲಿ ಲಿಥಿಯಂ ಬ್ಯಾಟರಿಗಳನ್ನು ಸ್ಥಳಾಂತರಿಸುವಾಗ ಬೆಂಕಿ ಹೊತ್ತಿತು. ಮೊದಲ ಲೆಕ್ಕದಲ್ಲಿ 647 ವ್ಯವಸ್ಥೆಗಳು ನಿಂತವು. 96 ನೇರವಾಗಿ ಸುಟ್ಟವು. ಸುಟ್ಟವುಗಳಲ್ಲಿ ಸರ್ಕಾರಿ ನೌಕರರು ಕಡತಗಳನ್ನು ಇಡುತ್ತಿದ್ದ ಜಿ-ಡ್ರೈವ್ ಇತ್ತು. ಅದರಲ್ಲಿದ್ದ 858 ಟೆರಾಬೈಟ್ ದತ್ತಾಂಶಕ್ಕೆ ಹೊರಗೆಲ್ಲೂ ಪ್ರತಿ ಇರಲಿಲ್ಲ. ಗಾತ್ರ ದೊಡ್ಡದು, ಹೊರಗೆ ಬ್ಯಾಕಪ್ ಇಡುವುದು ಕಷ್ಟ ಎಂಬುದು ಅಲ್ಲಿನ ವಿವರಣೆ. ಕಡತಗಳನ್ನು ಕಂಪ್ಯೂಟರ್‌ನಲ್ಲಿ ಇಟ್ಟುಕೊಳ್ಳದೆ ಅಲ್ಲಿಯೇ ಇಡಬೇಕೆಂಬ ನಿಯಮವನ್ನು ಚಾಚೂ ತಪ್ಪದೆ ಪಾಲಿಸಿದ ಇಲಾಖೆಗಳೇ ಹೆಚ್ಚು ಕಳೆದುಕೊಂಡವು. ಫ್ರಾನ್ಸ್‌ನ ಸ್ಟ್ರಾಸ್‌ಬರ್ಗ್‌ನಲ್ಲಿ 2021ರ ಮಾರ್ಚ್ 10ರ ನಸುಕಿನಲ್ಲಿ ಓವಿಎಚ್ ಕಂಪನಿಯ ಐದು ಮಹಡಿಗಳ ಡೇಟಾ ಸೆಂಟರ್ ಪೂರ್ತಿ ಸುಟ್ಟಾಗಲೂ, ಬ್ಯಾಕಪ್ ಅದೇ ಆವರಣದಲ್ಲಿಟ್ಟಿದ್ದ ಗ್ರಾಹಕರು ಎರಡನ್ನೂ ಒಟ್ಟಿಗೆ ಕಳೆದುಕೊಂಡಿದ್ದರು.

ಶನಿವಾರದ ಪರೀಕ್ಷೆ, ಮರಳುವ ದಾರಿ

ಇದಕ್ಕೆಲ್ಲ ಅಭ್ಯಾಸ ಬಿಟ್ಟು ಬೇರೆ ಮದ್ದಿಲ್ಲ. ಸೆಬಿ 2021ರ ಮಾರ್ಚ್ 22ರ ಸುತ್ತೋಲೆಯಲ್ಲಿ ಗಡುವುಗಳನ್ನು ಬಿಗಿಗೊಳಿಸಿತು. ಮುಖ್ಯ ವ್ಯವಸ್ಥೆ ನಿಂತರೆ 30 ನಿಮಿಷದೊಳಗೆ ವಿಪತ್ತು ಎಂದು ಘೋಷಿಸಬೇಕು, ಘೋಷಿಸಿದ 45 ನಿಮಿಷದೊಳಗೆ ಕಾರ್ಯಾಚರಣೆ ಮರಳಬೇಕು, ಕಳೆದುಹೋಗುವ ದತ್ತಾಂಶ 15 ನಿಮಿಷದ್ದನ್ನು ಮೀರಬಾರದು. ಕಾಗದದ ಮೇಲಿನ ಅಭ್ಯಾಸ ಸಾಲದು, ನಿಗದಿತವಾಗಿ ದೂರದ ಕೇಂದ್ರದಿಂದಲೇ ನಿಜವಾದ ವಹಿವಾಟು ನಡೆಸಬೇಕು. 2024ರ ಮಾರ್ಚ್ 2ರ ಶನಿವಾರ ಷೇರುಪೇಟೆ ತೆರೆದದ್ದು ಇದಕ್ಕಾಗಿ. 9.15ರಿಂದ 10ರವರೆಗೆ ಪ್ರಧಾನ ಕೇಂದ್ರದಿಂದ, 11.30ರಿಂದ 12.30ರವರೆಗೆ ವಿಪತ್ತು ನಿರ್ವಹಣಾ ಕೇಂದ್ರದಿಂದ ಜನ ನಿಜವಾದ ಹಣದಲ್ಲಿ ಷೇರು ಕೊಂಡರು, ಮಾರಿದರು. ಎಷ್ಟೋ ಸಂಸ್ಥೆಗಳಲ್ಲಿ ಅಭ್ಯಾಸವೆಂದರೆ ದೂರದ ಕೇಂದ್ರದ ಸರ್ವರ್‌ಗಳು ಬೂಟ್ ಆದವೆಂದು ನೋಡಿ ವರದಿ ಬರೆಯುವುದಷ್ಟೇ. ಗಿರಾಕಿಯ ಒಂದು ವಹಿವಾಟಾದರೂ ಆ ಡಿಸ್ಕಿನ ಮೇಲೆ ಮೂಡುವವರೆಗೆ ಆ ಪ್ರತಿಯ ಯೋಗ್ಯತೆ ತಿಳಿಯುವುದಿಲ್ಲ.

ಅಭ್ಯಾಸದಲ್ಲೂ ಹೆಚ್ಚಾಗಿ ಬಿಟ್ಟುಹೋಗುವುದು ಮರಳಿ ಬರುವ ಹಾದಿ. ಸೇವೆ ಎರಡನೆಯ ಊರಿಗೆ ಹೋದ ಕ್ಷಣದಿಂದ ಹೊಸ ಬರಹಗಳು ಅಲ್ಲಿವೆ. ಮೊದಲನೆಯ ಊರು ದುರಸ್ತಿಯಾದ ಮೇಲೆ ಪ್ರತಿಯ ದಿಕ್ಕು ತಿರುವುಮುರುವಾಗಬೇಕು. ಹಳೆಯ ಯಜಮಾನ ಈಗ ಪ್ರತಿಯಾಗಿ ತುಂಬಿಸಿಕೊಳ್ಳಬೇಕು. ದಿಕ್ಕು ತಪ್ಪಿದರೆ ವಿಪತ್ತಿನ ದಿನಗಳ ವಹಿವಾಟೆಲ್ಲ ಹಳೆಯ ದತ್ತಾಂಶದಡಿ ಹೂತುಹೋಗುತ್ತದೆ.

ಗಿಟ್‌ಲ್ಯಾಬ್‌ನಂಥದೇ ಇನ್ನೊಂದು ತಾಣ ಗಿಟ್‌ಹಬ್‌ಗೆ ಈ ಮರಳುವ ಹಾದಿ ಒಂದು ದಿನಕ್ಕಿಂತ ಉದ್ದವಾಯಿತು. 2018ರ ಅಕ್ಟೋಬರ್ 21ರಂದು, ಹಳತಾಗಿದ್ದ ಒಂದು 100 ಗಿಗಾಬಿಟ್ ಆಪ್ಟಿಕಲ್ ಉಪಕರಣ ಬದಲಾಯಿಸುವಾಗ ಅಮೆರಿಕದ ಪೂರ್ವ ಕರಾವಳಿಯ ಅದರ ಡೇಟಾ ಸೆಂಟರ್ 43 ಸೆಕೆಂಡ್ ಸಂಪರ್ಕ ಕಳೆದುಕೊಂಡಿತು. ಅಷ್ಟರಲ್ಲಿ ಉಳಿದ ಯಂತ್ರಗಳು ಬಹುಮತ ಕೂಡಿಸಿ, ಡೇಟಾಬೇಸ್‌ನ ಯಜಮಾನಿಕೆಯನ್ನು ಪಶ್ಚಿಮ ಕರಾವಳಿಗೆ ವರ್ಗಾಯಿಸಿದ್ದವು. ನಿಯಮದ ಪ್ರಕಾರ ಅದು ಸರಿಯೇ. ಆದರೆ ಪೂರ್ವದಲ್ಲಿ ಬರೆದಿದ್ದ ಕೆಲವು ಸೆಕೆಂಡುಗಳ ಬರಹ ಪಶ್ಚಿಮಕ್ಕೆ ತಲುಪಿರಲಿಲ್ಲ. ಕೊಂಡಿ ಮರಳುವ ಹೊತ್ತಿಗೆ ಪಶ್ಚಿಮದಲ್ಲಿ ಹೊಸ ಬರಹ ಬಿದ್ದಾಗಿತ್ತು. ಎರಡೂ ಕಡೆ ಎರಡು ಬೇರೆ ಸತ್ಯ. ಪೂರ್ವದಲ್ಲೇ ಇದ್ದ ಅಪ್ಲಿಕೇಷನ್‌ಗಳಿಗೆ ಪ್ರತಿ ಬರಹಕ್ಕೂ ಇಡೀ ಅಮೆರಿಕ ದಾಟಿ ಬರುವ ವಿಳಂಬ ತಡೆಯಲಾಗಲಿಲ್ಲ. ಗಿಟ್‌ಹಬ್ ಸೇವೆಯ ವೇಗವನ್ನು ಬಿಟ್ಟುಕೊಟ್ಟು ದತ್ತಾಂಶ ಉಳಿಸಿಕೊಳ್ಳಲು ತೀರ್ಮಾನಿಸಿತು. ಬ್ಯಾಕಪ್‌ನಿಂದ ಹಲವು ಟೆರಾಬೈಟ್ ಮರಳಿ ತಂದು, ಪ್ರತಿಗಳನ್ನು ಹೊಸ ಬರಹದ ಮಟ್ಟಕ್ಕೆ ತಂದು, ಯಜಮಾನಿಕೆಯನ್ನು ಪೂರ್ವಕ್ಕೆ ಮರಳಿಸಿ, ಸೇವೆ ಪೂರ್ತಿ ಸರಿಹೋಗುವಷ್ಟರಲ್ಲಿ 24 ಗಂಟೆ 11 ನಿಮಿಷ ಕಳೆದಿತ್ತು. ಅಷ್ಟಾದ ಮೇಲೂ, ಪಶ್ಚಿಮಕ್ಕೆ ತಲುಪದ ಬರಹಗಳು ಬಾಕಿಯಿದ್ದವು. ಅತಿ ಹೆಚ್ಚು ಬಳಕೆಯಲ್ಲಿದ್ದ ಕ್ಲಸ್ಟರ್‌ಗಳ ಪೈಕಿ ಒಂದರಲ್ಲಿ ಅಂಥವು 954 ಇದ್ದವು. ಯಾವುವನ್ನು ತಾನಾಗಿಯೇ ಸರಿಹೊಂದಿಸಬಹುದು, ಯಾವುದಕ್ಕೆ ಬಳಕೆದಾರರನ್ನು ಸಂಪರ್ಕಿಸಬೇಕು ಎಂದು ವಿಂಗಡಿಸಲು ಎಂಜಿನಿಯರ್‌ಗಳು ಲಾಗ್‌ಗಳನ್ನು ಮುಂದಿಟ್ಟುಕೊಂಡು ಕೂತರು.